ಲಂಡನ್‌ಗೆ ಮೊದಲ ಭೇಟಿ: ಥೇಮ್ಸ್ ನದಿಯ ಜಾಡು ಹಿಡಿದು ನಾಲ್ಕು ದಿನ

ಲಂಡನ್‌ಗೆ ಮೊದಲ ಸಲ ಹೊರಟವರ ಬಳಿ ಸಾಮಾನ್ಯವಾಗಿ ನೆಂಟರು, ಗೆಳೆಯರು ಬರೆದುಕೊಟ್ಟ ಮೂವತ್ತು ನಲವತ್ತು ಹೆಸರುಗಳ ಪಟ್ಟಿಯೊಂದು ಇರುತ್ತದೆ. ಅದನ್ನು ಮುಗಿಸಲೇಬೇಕೆಂಬ ಆತುರದಲ್ಲಿ ದಿನಕ್ಕೆ ಏಳೆಂಟು ಸಲ ನೆಲದಡಿಯ ರೈಲು ಹತ್ತಿಳಿದು, ಎಲ್ಲ ಕಡೆಯೂ ಫೋಟೋ ತೆಗೆದುಕೊಂಡು ಓಡಿದರೆ, ಊರಿಗೆ ಮರಳುವ ಹೊತ್ತಿಗೆ ಯಾವ ಕಟ್ಟಡ ಎಲ್ಲಿತ್ತು, ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬುದೇ ನೆನಪಿನಲ್ಲಿ ಉಳಿಯುವುದಿಲ್ಲ. ನನ್ನ ಮೊದಲ ಭೇಟಿ ಹಾಗೆಯೇ ಕಳೆದುಹೋಯಿತು. ಎರಡನೆಯ ಸಲ ತಂದೆ ತಾಯಿಯನ್ನು ಕರೆದುಕೊಂಡು ಹೋದಾಗ ಪಟ್ಟಿಯನ್ನು ಬದಿಗಿಟ್ಟು, ಥೇಮ್ಸ್ ನದಿಯನ್ನೇ ದಾರಿಯಾಗಿ ಹಿಡಿದೆ. ಈ ನಗರ ಬೆಳೆದದ್ದೇ ನದಿಯ ದಡದಲ್ಲಿ. ಸಂಸತ್ತು, ಕೋಟೆ, ಸಂತೆ, ಹಳೆಯ ಬಂದರು ಎಲ್ಲವೂ ನದಿಯ ಆಸುಪಾಸಿನಲ್ಲೇ ಇವೆ. ದಿನಕ್ಕೊಂದು ಭಾಗದಂತೆ ನಡೆದೇ ನೋಡಿದರೆ ನಾಲ್ಕು ದಿನಗಳಲ್ಲಿ ಮುಖ್ಯವಾದದ್ದನ್ನೆಲ್ಲ ಆಯಾಸವಿಲ್ಲದೆ ನೋಡಬಹುದು, ನಗರದ ನಕ್ಷೆಯೂ ಮನಸ್ಸಿನಲ್ಲಿ ಕೂರುತ್ತದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಹೊರಡುವ ಮುನ್ನ ಮಾಡಿಕೊಳ್ಳಬೇಕಾದದ್ದು

ಮೊದಲನೆಯದು ವೀಸಾ. ಯುರೋಪಿನ ಇತರ ದೇಶಗಳಿಗೆ ಪಡೆದ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಪ್ರತ್ಯೇಕವಾಗಿ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕಾಗುತ್ತದೆ. ಪ್ರಯಾಣಕ್ಕೆ 3 ತಿಂಗಳು ಇರುವಾಗಲೇ ಅರ್ಜಿ ಸಲ್ಲಿಸಲು ಅವಕಾಶವಿದೆ, ನಿರ್ಧಾರಕ್ಕೆ ಸಾಮಾನ್ಯವಾಗಿ 3 ವಾರ ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ನೂಕುನುಗ್ಗಲು ಹೆಚ್ಚಿರುವುದರಿಂದ ಕಡೆಯ ತಿಂಗಳವರೆಗೆ ಕಾಯಬೇಡಿ.

ಎರಡನೆಯದು ಕಾಲದ ಆಯ್ಕೆ. ಮೇ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳು ನನ್ನ ಮಟ್ಟಿಗೆ ಅತ್ಯುತ್ತಮ. ಜೂನ್‌ನಲ್ಲಿ ರಾತ್ರಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಾದರೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ಕ್ರಿಸ್‌ಮಸ್ ದಿನ ನಗರದ ರೈಲು, ಬಸ್ಸು ಯಾವುದೂ ಓಡುವುದಿಲ್ಲ, ದೊಡ್ಡ ವಸ್ತುಸಂಗ್ರಹಾಲಯಗಳು ಡಿಸೆಂಬರ್ 24ರಿಂದ 26ರವರೆಗೆ ಮುಚ್ಚಿರುತ್ತವೆ. ಯಾವ ತಿಂಗಳಲ್ಲಿ ಹೋದರೂ ಮಳೆಗೆ ತಡೆಯುವ ಹಗುರವಾದ ಜಾಕೆಟ್ ಮತ್ತು ಈಗಾಗಲೇ ಮೆಟ್ಟಿ ಹದವಾದ ಶೂ ಜೊತೆಗಿರಲಿ. ಅಲ್ಲಿನ ಪ್ಲಗ್ಗಿಗೆ ಚಪ್ಪಟೆಯಾದ ಮೂರು ಕಡ್ಡಿಗಳಿರುವುದರಿಂದ ಅದಕ್ಕೆ ಹೊಂದುವ ಅಡಾಪ್ಟರನ್ನು ಇಲ್ಲಿಂದಲೇ ಕೊಂಡೊಯ್ಯಿರಿ.

ಮೂರನೆಯದು ವಸತಿ. ಹೀಥ್ರೂ ವಿಮಾನ ನಿಲ್ದಾಣದಿಂದ ನಗರದ ನಡುವಿಗೆ ಬರುವ ಪಿಕಡಿಲಿ ಮಾರ್ಗದ ಮೇಲಿರುವ ಅರ್ಲ್ಸ್ ಕೋರ್ಟ್, ಸೌತ್ ಕೆನ್ಸಿಂಗ್ಟನ್, ರಸೆಲ್ ಸ್ಕ್ವೇರ್, ಕಿಂಗ್ಸ್ ಕ್ರಾಸ್ ನಿಲ್ದಾಣಗಳಲ್ಲಿ ಒಂದರ ಹತ್ತಿರ ಕೋಣೆ ಹಿಡಿದರೆ, ಪೆಟ್ಟಿಗೆಗಳನ್ನು ಎಳೆದುಕೊಂಡು ರೈಲು ಬದಲಿಸುವ ಕಷ್ಟ ತಪ್ಪುತ್ತದೆ. ನಾಲ್ಕನೆಯದು ಟಿಕೆಟ್. ಹಣ ಕೊಟ್ಟು ನೋಡುವ ಸ್ಥಳಗಳಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆ, ಟವರ್ ಆಫ್ ಲಂಡನ್ ಮತ್ತು ಸೇಂಟ್ ಪಾಲ್ಸ್ ಕೆಥೆಡ್ರಲ್ ಈ ಮೂರನ್ನು ಬಿಡಬೇಡಿ. ಮೂರಕ್ಕೂ ಅವುಗಳ ಸ್ವಂತ ಜಾಲತಾಣದಲ್ಲಿ ಮುಂಚಿತವಾಗಿ ಟಿಕೆಟ್ ತೆಗೆದುಕೊಳ್ಳಿ. ಲಂಡನ್ ಐ ಎಂಬ 135 ಮೀಟರ್ ಎತ್ತರದ ತಿರುಗು ಚಕ್ರ ಮಕ್ಕಳಿಗೆ ಖುಷಿ ಕೊಡುತ್ತದೆ ನಿಜ, ಆದರೆ ಎತ್ತರದಿಂದ ನಗರವನ್ನು ನೋಡುವುದಷ್ಟೇ ಉದ್ದೇಶವಾದರೆ ಸ್ಕೈ ಗಾರ್ಡನ್ ಎಂಬ ಗಗನಚುಂಬಿಯ ತುದಿಯ ತೋಟಕ್ಕೆ ಮುಂಗಡವಾಗಿ ಹೆಸರು ನೋಂದಾಯಿಸಿದರೆ ಉಚಿತ ಪ್ರವೇಶವಿದೆ.

ಇಳಿದ ದಿನ: ಓಡಾಟದ ರೀತಿ ಕಲಿಯುವುದು

ಲಂಡನ್‌ನ ನೆಲದಡಿಯ ರೈಲು 1863ರಲ್ಲಿ ಆರಂಭವಾದ, ಜಗತ್ತಿನಲ್ಲೇ ಮೊತ್ತಮೊದಲ ಸುರಂಗ ರೈಲು. ಅದನ್ನು ಬಳಸಲು ಟಿಕೆಟ್ ಕೊಳ್ಳಬೇಕಾಗಿಲ್ಲ. ವಿದೇಶಿ ವ್ಯವಹಾರಕ್ಕೆ ಅನುಮತಿಯಿರುವ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಗೇಟಿನ ಹಳದಿ ವೃತ್ತಕ್ಕೆ ತಾಗಿಸಿ ಒಳಹೋಗಿ, ಇಳಿದ ನಿಲ್ದಾಣದಲ್ಲಿ ಅದೇ ಕಾರ್ಡನ್ನು ತಾಗಿಸಿ ಹೊರಬರಬೇಕು. ಎಷ್ಟು ಸಲ ಓಡಾಡಿದರೂ ದಿನಕ್ಕೊಂದು ಗರಿಷ್ಠ ಮಿತಿಯಿದ್ದು, ಅದನ್ನು ದಾಟಿ ಹಣ ಕಡಿತವಾಗುವುದಿಲ್ಲ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು, ಮತ್ತು ಒಳಹೋಗುವಾಗ ಕಾರ್ಡು, ಹೊರಬರುವಾಗ ಫೋನು ತಾಗಿಸಬಾರದು. ಹಾಗೆ ಮಾಡಿದರೆ ಎರಡು ಅಪೂರ್ಣ ಪ್ರಯಾಣಗಳೆಂದು ಲೆಕ್ಕವಾಗಿ ಹೆಚ್ಚಿನ ದರ ಬೀಳುತ್ತದೆ. ನನ್ನ ತಂದೆ ಮೊದಲ ದಿನವೇ ಹೀಗೆ ಮಾಡಿ ಎರಡು ಕಡೆ ಹಣ ಕಳೆದುಕೊಂಡರು. ನಿಮ್ಮ ಕಾರ್ಡಿಗೆ ವಿದೇಶಿ ವಿನಿಮಯದ ಶುಲ್ಕ ಹೆಚ್ಚಾಗಿದ್ದರೆ ನಿಲ್ದಾಣದಲ್ಲೇ ಸಿಗುವ, ಮುಂಗಡವಾಗಿ ಹಣ ತುಂಬಿಸಿ ಬಳಸುವ ಆಯ್ಸ್ಟರ್ ಎಂಬ ಪ್ರಯಾಣದ ಕಾರ್ಡ್ ತೆಗೆದುಕೊಳ್ಳಬಹುದು. 11 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಉಚಿತವಾಗಿ ಪ್ರಯಾಣಿಸುತ್ತಾರೆ. 11ರಿಂದ 15 ವರ್ಷದ ಮಕ್ಕಳ ಆಯ್ಸ್ಟರ್ ಕಾರ್ಡಿಗೆ ಯಂಗ್ ವಿಸಿಟರ್ ರಿಯಾಯಿತಿ ಹಾಕಿಕೊಡುವಂತೆ ನಿಲ್ದಾಣದ ಸಿಬ್ಬಂದಿಯನ್ನು ಕೇಳಿದರೆ ಅವರ ದರ ಅರ್ಧಕ್ಕಿಳಿಯುತ್ತದೆ.

ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಹತ್ತುವಾಗ ಮಾತ್ರ ಕಾರ್ಡ್ ತಾಗಿಸಿದರೆ ಸಾಕು, ಇಳಿಯುವಾಗ ಬೇಡ. ಎಸ್ಕಲೇಟರ್ ಮೇಲೆ ಬಲಬದಿಗೆ ನಿಂತು, ಆತುರದವರಿಗೆ ಎಡಬದಿಯನ್ನು ಬಿಡಬೇಕು. ರಸ್ತೆಯಲ್ಲಿ ವಾಹನಗಳು ನಮ್ಮಂತೆಯೇ ಎಡಬದಿಯಲ್ಲಿ ಸಾಗುವುದರಿಂದ ದಾಟುವಾಗ ಗೊಂದಲವಾಗದು. ಆದರೆ ಪಾದಚಾರಿ ಮಾರ್ಗದ ಅಂಚಿನಲ್ಲಿ ನಿಂತು ಫೋನಿನ ನಕ್ಷೆ ನೋಡುತ್ತಿದ್ದರೆ, ಸೈಕಲ್ಲಿನಲ್ಲಿ ಬಂದು ಕಸಿದುಕೊಂಡು ಹೋಗುವವರಿದ್ದಾರೆ. ಗೋಡೆಯ ಕಡೆ ಸರಿದು ನಿಂತು ನೋಡಿಕೊಳ್ಳಿ.

ಮೊದಲ ದಿನ: ವೆಸ್ಟ್‌ಮಿನ್‌ಸ್ಟರ್ ಮತ್ತು ಬಸವಣ್ಣನ ದಡ

ಬೆಳಿಗ್ಗೆ ಎಂಟೂವರೆಗೆ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಿಂದ ಮೇಲೆ ಬಂದರೆ ಗಡಿಯಾರ ಗೋಪುರ ನೇರವಾಗಿ ತಲೆಯ ಮೇಲೆಯೇ ಕಾಣುತ್ತದೆ. ಎಲ್ಲರೂ ಬಿಗ್ ಬೆನ್ ಎಂದು ಕರೆಯುವುದು ವಾಸ್ತವವಾಗಿ ಒಳಗಿರುವ 13.7 ಟನ್ ತೂಕದ ಗಂಟೆಯ ಹೆಸರು. 96 ಮೀಟರ್ ಎತ್ತರದ ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎಂಬ ಹೆಸರಿದೆ. ಬುಡದಲ್ಲಿ ನಿಂತು ಕತ್ತೆತ್ತಿ ನೋಡುವ ಬದಲು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಎದುರು ದಡಕ್ಕೆ ಹೋಗಿ, ಬಲಕ್ಕೆ ತಿರುಗಿ ನದಿಯ ಪಕ್ಕದಲ್ಲೇ ನಡೆಯಿರಿ. 1834ರ ಬೆಂಕಿಯಲ್ಲಿ ಹಳೆಯ ಅರಮನೆಯ ಬಹುಭಾಗ ಸುಟ್ಟುಹೋದ ಮೇಲೆ ಚಾರ್ಲ್ಸ್ ಬ್ಯಾರಿ ಮತ್ತು ಆಗಸ್ಟಸ್ ಪ್ಯೂಜಿನ್ ರೂಪಿಸಿದ ಸಂಸತ್ ಭವನದ ಪೂರ್ತಿ ಉದ್ದ ಕಾಣುವುದು ಈ ದಡದಿಂದ ಮಾತ್ರ. ನಿಮ್ಮ ಪಕ್ಕದ ಗೋಡೆಯ ಮೇಲೆ ಉದ್ದಕ್ಕೂ ಕೈಯಿಂದ ಬಿಡಿಸಿದ ಕೆಂಪು ಹೃದಯಗಳಿವೆ. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ 2021ರಲ್ಲಿ ಬಿಡಿಸತೊಡಗಿದ ಈ ಹೃದಯಗಳೊಳಗೆ ಮನೆಯವರು ತಮ್ಮವರ ಹೆಸರುಗಳನ್ನು ಬರೆದಿದ್ದಾರೆ. ನನ್ನ ತಾಯಿ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದುತ್ತ ಬಂದದ್ದರಿಂದ ಅರ್ಧ ಕಿಲೋಮೀಟರ್ ದಾಟಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು.

ಹಾಗೆಯೇ ಮುಂದುವರಿದರೆ ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಜಿಲ್ಲೆಯ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ, ಹೆಚ್ಚಿನ ಮಾರ್ಗದರ್ಶಿ ಪುಸ್ತಕಗಳಲ್ಲಿ ಇದರ ಹೆಸರೂ ಇಲ್ಲ. ಕನ್ನಡಿಗರು ಮಾತ್ರ ತಪ್ಪದೆ ನೋಡಬೇಕು. ಹೆಣ್ಣು ಗಂಡೆನ್ನದೆ, ಕಾಯಕದ ಮೇಲು ಕೀಳೆನ್ನದೆ ಎಲ್ಲರೂ ಕೂತು ಮಾತಾಡಿದ ಅನುಭವ ಮಂಟಪದ ಹಿರಿಯರು ನದಿಯ ಈಚೆ ದಡದಲ್ಲಿದ್ದಾರೆ, ಹೆಂಗಸರಿಗೆ 1918ರವರೆಗೂ ಮತದಾನದ ಹಕ್ಕು ಕೊಡದಿದ್ದ ಸಂಸತ್ತು ಆಚೆ ದಡದಲ್ಲಿದೆ. ಈ ಎರಡನ್ನೂ ಒಂದೇ ಬೆಳಗಿನಲ್ಲಿ ನೋಡಿದಾಗ ಹುಟ್ಟುವ ವಿಚಾರ ಬೇರೆಲ್ಲೂ ಹುಟ್ಟದು.

ಲ್ಯಾಂಬೆತ್ ಸೇತುವೆ ದಾಟಿ, ನದಿತೀರದ ಉದ್ಯಾನದ ಮೂಲಕ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಬನ್ನಿ. 1066ರಿಂದ ಇಂಗ್ಲೆಂಡಿನ ಅರಸರ ಪಟ್ಟಾಭಿಷೇಕ ನಡೆಯುತ್ತಿರುವುದು ಇಲ್ಲಿಯೇ. ಈಗಿರುವ ಕಟ್ಟಡವನ್ನು 3ನೆಯ ಹೆನ್ರಿ 1245ರಲ್ಲಿ ಆರಂಭಿಸಿದ. ಎರಡು ಗಂಟೆ ಮೀಸಲಿಡಿ. ಪಟ್ಟಾಭಿಷೇಕದ ಹಳೆಯ ಓಕ್ ಮರದ ಕುರ್ಚಿಯನ್ನು ಹತ್ತಿರದಿಂದ ನೋಡಿದರೆ, ಹಿಂದಿನ ಶತಮಾನಗಳ ಶಾಲಾ ಹುಡುಗರು ಮತ್ತು ಯಾತ್ರಿಕರು ಅದರ ಮೇಲೆ ಚಾಕುವಿನಿಂದ ಕೆತ್ತಿದ ಹೆಸರುಗಳು ಕಾಣುತ್ತವೆ. ಐಸಾಕ್ ನ್ಯೂಟನ್, ಚಾರ್ಲ್ಸ್ ಡಾರ್ವಿನ್, ಸ್ಟೀಫನ್ ಹಾಕಿಂಗ್ ಮೂವರ ಸಮಾಧಿಗಳೂ ಹತ್ತಿರ ಹತ್ತಿರದಲ್ಲಿವೆ. ಭಾನುವಾರ ಪ್ರಾರ್ಥನೆಗೆ ಬರುವವರಿಗಷ್ಟೇ ಪ್ರವೇಶವಿದ್ದು, ಪ್ರವಾಸಿಗಳನ್ನು ಬಿಡುವುದಿಲ್ಲ; ನಾನು ಮೊದಲ ಸಲ ಇದನ್ನು ತಿಳಿಯದೆ ಬಾಗಿಲಿಂದ ಹಿಂತಿರುಗಿದ್ದೆ. ಹಣ ಉಳಿಸಬೇಕೆನ್ನುವವರು ಸಂಜೆಯ ಪ್ರಾರ್ಥನೆಯಾದ ಈವನ್‌ಸಾಂಗ್‌ಗೆ ಬಂದು ಕೂರಬಹುದು. ಅದಕ್ಕೆ ಟಿಕೆಟ್ ಇಲ್ಲ. ಸುತ್ತಾಡಿ ನೋಡಲಾಗದು, ಫೋಟೋ ತೆಗೆಯಲಾಗದು, ಆದರೆ ಆ ಎತ್ತರದ ಕಲ್ಲಿನ ಚಾವಣಿಯಡಿ ವೃಂದಗಾನ ಕೇಳುವುದು ಬೇರೆಯೇ ಅನುಭವ.

ಹೊರಗಿನ ಪಾರ್ಲಿಮೆಂಟ್ ಸ್ಕ್ವೇರಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಇದ್ದಾರೆ, 2015ರ ಮಾರ್ಚ್‌ನಲ್ಲಿ ಅನಾವರಣಗೊಂಡ ಮಹಾತ್ಮ ಗಾಂಧೀಜಿ ಇದ್ದಾರೆ, ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದ ಮಿಲಿಸೆಂಟ್ ಫಾಸೆಟ್ ಇದ್ದಾರೆ. ಆ ಚೌಕದಲ್ಲಿ ಮಹಿಳೆಯೊಬ್ಬರ ಪ್ರತಿಮೆ ಬಂದದ್ದು 2018ರಲ್ಲಿ ಮಾತ್ರ. ಅಲ್ಲಿಂದ ಸೇಂಟ್ ಜೇಮ್ಸ್ ಪಾರ್ಕ್ ಮೂಲಕ ಬಕಿಂಗ್‌ಹ್ಯಾಮ್ ಅರಮನೆಗೆ ನಡೆದು, ಗೇಟಿನ ಹೊರಗಿನಿಂದ ನೋಡಿ ಮರಳಿದರೆ ಸಾಕು. ಕಾವಲುಗಾರರ ಬದಲಾವಣೆ ಸಾಮಾನ್ಯವಾಗಿ ಸೋಮವಾರ, ಬುಧವಾರ, ಶುಕ್ರವಾರ ಮತ್ತು ಭಾನುವಾರ 11 ಗಂಟೆಗೆ ನಡೆಯುತ್ತದೆ, ಆದರೆ ಜನಸಂದಣಿಯ ಹಿಂದೆ ನಿಂತವರಿಗೆ ಟೋಪಿಗಳಷ್ಟೇ ಕಾಣುತ್ತವೆ. ಅದರ ಬದಲು ಬೇರೊಂದು ದಿನ ಹಾರ್ಸ್ ಗಾರ್ಡ್ಸ್ ಮೈದಾನದಲ್ಲಿ ಕುದುರೆ ಸವಾರರ ಕಾವಲು ಬದಲಾಗುವುದನ್ನು ನೋಡಿ. ಅದು ಭಾನುವಾರ 10ಕ್ಕೆ, ಉಳಿದ ದಿನ 11ಕ್ಕೆ, ಬೇಲಿಯ ಅಡ್ಡಿಯಿಲ್ಲದೆ ನಡೆಯುತ್ತದೆ. ಸಂಜೆಯ ಹೊತ್ತನ್ನು ಟ್ರಫಾಲ್ಗರ್ ಸ್ಕ್ವೇರಿನ ನ್ಯಾಷನಲ್ ಗ್ಯಾಲರಿಗೆ ಕೊಡಿ. ಪ್ರವೇಶ ಉಚಿತ. ವಾನ್ ಗಾಗ್‌ನ ಸೂರ್ಯಕಾಂತಿ ಹೂಗಳನ್ನೂ 1434ರಲ್ಲಿ ಯಾನ್ ವಾನ್ ಐಕ್ ಬಿಡಿಸಿದ ಅರ್ನಾಲ್ಫಿನಿ ದಂಪತಿಯ ಚಿತ್ರವನ್ನೂ ನೋಡಿ. ಎರಡನೆಯದರಲ್ಲಿ ಹಿಂದಿನ ಗೋಡೆಯ ಪುಟ್ಟ ಕನ್ನಡಿಯೊಳಗೆ ಆ ಕೋಣೆಯೇ ಮತ್ತೊಮ್ಮೆ ಮೂಡಿದೆ.

ಎರಡನೆಯ ದಿನ: ಕೋಟೆಯಿಂದ ಗುಮ್ಮಟದವರೆಗೆ

ಟವರ್ ಆಫ್ ಲಂಡನ್ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು, ಒಳಗೆ ಹೋದವರು ಬೇರೆಲ್ಲೂ ನಿಲ್ಲದೆ ಮೊದಲು ರಾಜಾಭರಣಗಳ ಕಟ್ಟಡಕ್ಕೇ ಹೋಗಬೇಕು. ಹನ್ನೊಂದರ ನಂತರ ಅಲ್ಲಿನ ಸಾಲು ಅಂಗಳದವರೆಗೂ ಬೆಳೆಯುತ್ತದೆ. ಆಂಧ್ರದ ಕೃಷ್ಣಾ ತೀರದ ಕೊಲ್ಲೂರು ಗಣಿಯದೆಂದು ಬಹಳ ಮಂದಿ ನಂಬುವ ಕೊಹಿನೂರ್ ವಜ್ರ ಇರುವುದು 1937ರಲ್ಲಿ ರಾಣಿಗಾಗಿ ಮಾಡಿಸಿದ ಕಿರೀಟದ ಮುಂಭಾಗದಲ್ಲಿ. 1849ರಲ್ಲಿ ಬಾಲಕ ಮಹಾರಾಜ ದುಲೀಪ್ ಸಿಂಗ್‌ನಿಂದ ಪಡೆದುಕೊಂಡ ಅದನ್ನು 1852ರಲ್ಲಿ ಮತ್ತೆ ಸಾಣೆ ಹಿಡಿಸಿದ್ದರಿಂದ 186 ಕ್ಯಾರಟ್ ಇದ್ದದ್ದು 105.6ಕ್ಕೆ ಇಳಿಯಿತು. ಮುಖ್ಯ ಕಿರೀಟಗಳ ಮುಂದೆ ನಿಮ್ಮನ್ನು ಚಲಿಸುವ ಪಟ್ಟಿಯೊಂದು ಸಾಗಿಸಿಬಿಡುತ್ತದೆ, ಫೋಟೋಗೆ ಅವಕಾಶವಿಲ್ಲ. ಬೆಳಿಗ್ಗೆ ಜನ ಕಡಿಮೆಯಿದ್ದರೆ ಸುತ್ತಿ ಬಂದು ಎರಡನೆಯ ಸಲವೂ ನೋಡಬಹುದು. ಆಮೇಲೆ ಬೀಫ್‌ಈಟರ್ ಎಂದು ಕರೆಯುವ ಕಾವಲುಗಾರರ ಮಾರ್ಗದರ್ಶನಕ್ಕೆ ಸೇರಿಕೊಳ್ಳಿ, ಅದಕ್ಕೆ ಬೇರೆ ಹಣವಿಲ್ಲ. ವಿಜಯಿ ವಿಲಿಯಂ 11ನೆಯ ಶತಮಾನದಲ್ಲಿ ಕಟ್ಟಿಸಿದ ಬಿಳಿ ಗೋಪುರ, 1536ರಲ್ಲಿ ರಾಣಿ ಆ್ಯನ್ ಬೊಲಿನ್‌ಳ ಶಿರಚ್ಛೇದ ನಡೆದ ಅಂಗಳ, ಅವು ಹಾರಿಹೋದರೆ ರಾಜ್ಯವೇ ಉಳಿಯದೆಂಬ ನಂಬಿಕೆಯಿಂದ ಸಾಕಿರುವ ಕಪ್ಪು ರೇವನ್ ಹಕ್ಕಿಗಳು, ಎಲ್ಲದರ ಕಥೆಯನ್ನೂ ಅವರು ಸೊಗಸಾಗಿ ಹೇಳುತ್ತಾರೆ.

ಕೋಟೆಯ ಮಗ್ಗುಲಲ್ಲೇ ಇರುವುದು 1894ರ ಟವರ್ ಬ್ರಿಜ್. ಎರಡು ಗೋಪುರಗಳ ಈ ಸೇತುವೆಯನ್ನೇ ಅನೇಕರು ಲಂಡನ್ ಬ್ರಿಜ್ ಎಂದು ತಿಳಿಯುತ್ತಾರೆ; ಲಂಡನ್ ಬ್ರಿಜ್ ಪಶ್ಚಿಮಕ್ಕಿರುವ, ಅಲಂಕಾರವಿಲ್ಲದ ಬೇರೊಂದು ಸೇತುವೆ. ಹಡಗು ಬಂದಾಗ ಟವರ್ ಬ್ರಿಜ್ಜಿನ ರಸ್ತೆಯೇ ಎರಡಾಗಿ ಸೀಳಿ ಮೇಲೇಳುತ್ತದೆ. ಅದರ ಸಮಯವನ್ನು ಸೇತುವೆಯ ಜಾಲತಾಣದಲ್ಲಿ ಮೊದಲೇ ಪ್ರಕಟಿಸುತ್ತಾರೆ, ನೋಡಿಕೊಂಡು ಹೊರಟರೆ ಕಾಯುವ ಕೆಲಸವಿಲ್ಲ.

ಸೇತುವೆ ದಾಟಿ ದಕ್ಷಿಣ ದಡದಲ್ಲಿ ಪಶ್ಚಿಮಕ್ಕೆ ನಡೆದರೆ ಊಟದ ಹೊತ್ತಿಗೆ ಬರೋ ಮಾರ್ಕೆಟ್ ಸಿಗುತ್ತದೆ. ಸೋಮವಾರ ರಜೆ. ಸಸ್ಯಾಹಾರಿಗಳಿಗೂ ಇಲ್ಲಿ ಬ್ರೆಡ್ಡು, ಚೀಸು, ಅಣಬೆಯ ಅಡುಗೆಗಳ ಮಳಿಗೆಗಳಿವೆ. ಅನುಮಾನವಿದ್ದರೆ ಮಾಂಸ, ಮೀನು ಎರಡೂ ಇಲ್ಲವೇ ಎಂದು ಬಿಡಿಸಿ ಕೇಳಿ. ಅನ್ನ ಸಾರಿನ ಆಸೆಯಾದ ರಾತ್ರಿ ಯೂಸ್ಟನ್ ನಿಲ್ದಾಣದ ಹತ್ತಿರದ ಡ್ರಮಂಡ್ ಸ್ಟ್ರೀಟ್‌ನಲ್ಲಿ ಭಾರತೀಯ ಸಸ್ಯಾಹಾರಿ ಹೋಟೆಲುಗಳಿವೆ. ಮಾರ್ಕೆಟ್ಟಿನಿಂದ ಮುಂದೆ ಶೇಕ್ಸ್‌ಪಿಯರ್ ಕಾಲದ ಮಾದರಿಯಲ್ಲಿ ಮರದಿಂದ ಕಟ್ಟಿ 1997ರಲ್ಲಿ ತೆರೆದ ಗ್ಲೋಬ್ ರಂಗಮಂದಿರ, ಅದರ ಪಕ್ಕದಲ್ಲಿ ಹಳೆಯ ವಿದ್ಯುತ್ ಸ್ಥಾವರವೇ ಕಲಾಸಂಗ್ರಹಾಲಯವಾಗಿರುವ ಟೇಟ್ ಮಾಡರ್ನ್ ಇವೆ. ಟೇಟ್ ಎದುರಿನ ಮಿಲೆನಿಯಂ ಕಾಲುಸೇತುವೆಯ ಮೇಲೆ ನಡೆದರೆ ಸೇಂಟ್ ಪಾಲ್ಸ್ ಗುಮ್ಮಟ ಹೆಜ್ಜೆಹೆಜ್ಜೆಗೂ ದೊಡ್ಡದಾಗುತ್ತ ಬರುತ್ತದೆ.

1666ರ ಮಹಾ ಬೆಂಕಿಯಲ್ಲಿ ಹಳೆಯ ಕೆಥೆಡ್ರಲ್ ನಾಶವಾದ ಮೇಲೆ ಕ್ರಿಸ್ಟೋಫರ್ ರೆನ್ 1675ರಲ್ಲಿ ಇದರ ಕೆಲಸ ಆರಂಭಿಸಿದ. ನಮ್ಮ ವಿಜಯಪುರದ ಗೋಳಗುಮ್ಮಟ ಮುಗಿದು ಆಗಿನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಗುಮ್ಮಟದ ಅಗಲದಲ್ಲಿ ನಮ್ಮದೇ ದೊಡ್ಡದು. ಇದರ ಹೆಚ್ಚುಗಾರಿಕೆಯಿರುವುದು 111 ಮೀಟರ್ ಎತ್ತರದಲ್ಲಿ. ಇಲ್ಲಿಯೂ ಪಿಸುಮಾತಿನ ಮೊಗಸಾಲೆಯಿದೆ, ಅದು ತೆರೆದಿದೆಯೇ ಎಂದು ಟಿಕೆಟ್ ಕೊಳ್ಳುವಾಗ ವಿಚಾರಿಸಿ. ತುತ್ತತುದಿಗೆ 528 ಮೆಟ್ಟಿಲುಗಳಿವೆ. ಮಂಡಿನೋವಿನವರು ಹತ್ತಬೇಡಿ, ನೆಲಮಾಳಿಗೆಯಲ್ಲಿರುವ ರೆನ್‌ನ ಸಮಾಧಿ ನೋಡಿ. 'ಓದುಗನೇ, ಅವನ ಸ್ಮಾರಕ ಬೇಕೆಂದರೆ ಸುತ್ತ ನೋಡು' ಎಂಬ ಅರ್ಥದ ಲ್ಯಾಟಿನ್ ಸಾಲು ಅಲ್ಲಿದೆ. ಭಾನುವಾರ ಇಲ್ಲಿಯೂ ಪ್ರವಾಸಿಗಳಿಗೆ ಪ್ರವೇಶವಿಲ್ಲ.

ಮೂರನೆಯ ದಿನ: ಎರಡೇ ವಸ್ತುಸಂಗ್ರಹಾಲಯ

ಮೂರನೆಯ ದಿನ ಶುಕ್ರವಾರ ಬರುವಂತೆ ನೋಡಿಕೊಳ್ಳಿ. ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂ, ಮಧ್ಯಾಹ್ನದ ನಂತರ ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಎರಡಕ್ಕೂ ಪ್ರವೇಶ ಉಚಿತ. ಮಕ್ಕಳಿದ್ದರೆ ಎರಡನೆಯದರ ನೆರೆಯಲ್ಲೇ ಇರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಚಾವಣಿಯಿಂದ ತೂಗುವ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೋರಿಸಿ. ಅದಕ್ಕಿಂತ ಹೆಚ್ಚನ್ನು ಒಂದೇ ದಿನಕ್ಕೆ ತುರುಕಬೇಡಿ.

ಬ್ರಿಟಿಷ್ ಮ್ಯೂಸಿಯಂನಲ್ಲಿ ರೊಸೆಟಾ ಶಿಲೆ, ಅಸ್ಸೀರಿಯದ ಸಿಂಹಬೇಟೆಯ ಉಬ್ಬುಶಿಲ್ಪಗಳು ಮತ್ತು ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳಿಗೆ ಹೊತ್ತು ಕೊಟ್ಟು ಉಳಿದದ್ದನ್ನು ದಾರಿಯಲ್ಲಿ ಕಂಡಷ್ಟು ನೋಡಿ. ಒಂದೇ ಆಜ್ಞೆಯನ್ನು ಮೂರು ಲಿಪಿಗಳಲ್ಲಿ ಕೆತ್ತಿದ ರೊಸೆಟಾ ಶಿಲೆ ಈಜಿಪ್ಟಿನ ನೆಲದಲ್ಲಿ ಸಿಕ್ಕಿದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದೂ ಅದೇ ವರ್ಷದ ಮೇ 4ರಂದು, ಮತ್ತು ಅಲ್ಲಿಂದ ಬಂದ ವಸ್ತು ಸಂಜೆಯ ಮ್ಯೂಸಿಯಂನಲ್ಲಿದೆ.

ಟಿಪ್ಪುವಿನ ಹುಲಿ ನಾನು ಊಹಿಸಿದ್ದಕ್ಕಿಂತ ದೊಡ್ಡದಾಗಿತ್ತು. ಬಣ್ಣ ಬಳಿದ ಮರದ ಹುಲಿ ಸರಿಸುಮಾರು ಆಳೆತ್ತರದಷ್ಟು ಉದ್ದವಿದ್ದು, ಅಂಗಾತ ಬಿದ್ದ ಯುರೋಪಿಯನ್ನನ ಕೊರಳಿಗೆ ಬಾಯಿ ಹಾಕಿದೆ. ಹುಲಿಯ ಹೊರಮೈಯಲ್ಲಿ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಮನುಷ್ಯನ ನರಳಾಟ, ಹುಲಿಯ ಗುರುಗುಟ್ಟುವಿಕೆ ಕೇಳಿಸುವಂತೆಯೂ ಬಿದ್ದವನ ಕೈ ಮೇಲಕ್ಕೂ ಕೆಳಕ್ಕೂ ಆಡುವಂತೆಯೂ ಮಾಡಿದ್ದಾರೆ. ಪಕ್ಕೆಯ ಮುಚ್ಚಳ ತೆರೆದರೆ ಒಳಗೊಂದು ಪುಟ್ಟ ಆರ್ಗನ್ ವಾದ್ಯದ ಕೀಲಿಗಳು. ಈಗ ಅದನ್ನು ಗಾಜಿನೊಳಗಿಟ್ಟು ಕಾಪಾಡುತ್ತಾರೆ, ಸಾರ್ವಜನಿಕರು ತಿರುಗಿಸುವಂತಿಲ್ಲ. ತಂದೆಯವರು ಅದರ ಮುಂದೆ ಬಹಳ ಹೊತ್ತು ನಿಂತಿದ್ದು, 'ದರಿಯಾ ದೌಲತ್ತಿನಲ್ಲಿ ನಾವು ನೋಡಿದ್ದೆಲ್ಲ ಖಾಲಿ ಗೋಡೆ, ಚಿತ್ರ. ವಸ್ತುಗಳೆಲ್ಲ ಇಲ್ಲಿವೆ' ಎಂದರು. ಗ್ಯಾಲರಿಗಳನ್ನು ಆಗಾಗ ಮರುಜೋಡಿಸುವುದರಿಂದ ಹುಲಿ ಈಗ ಯಾವ ಕೋಣೆಯಲ್ಲಿದೆ ಎಂಬುದನ್ನು ಹೋಗುವ ಮುನ್ನ ಮ್ಯೂಸಿಯಂನ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ.

ನಾಲ್ಕನೆಯ ದಿನ: ನದಿಯಲ್ಲಿ ಗ್ರೀನಿಚ್‌ಗೆ

ವೆಸ್ಟ್‌ಮಿನ್‌ಸ್ಟರ್ ಧಕ್ಕೆಯಿಂದ ಬೋಟ್ ಹತ್ತಿ. ಮೂರು ದಿನ ನಡೆದು ನೋಡಿದ್ದೆಲ್ಲವೂ ಈಗ ನೀರಿನ ಮೇಲಿನಿಂದ ಒಂದೊಂದಾಗಿ ಹಾದುಹೋಗುತ್ತದೆ. ಗ್ರೀನಿಚ್‌ನಲ್ಲಿ ಇಳಿದೊಡನೆ ಚಹಾ ಸಾಗಿಸಲೆಂದು 1869ರಲ್ಲಿ ನೀರಿಗಿಳಿಸಿದ ಕಟಿ ಸಾರ್ಕ್ ಹಾಯಿಹಡಗು ಕಾಣುತ್ತದೆ. ಅದನ್ನು ದಾಟಿ ಉದ್ಯಾನದ ಗುಡ್ಡ ಹತ್ತಿದರೆ 1675ರಲ್ಲಿ ಸ್ಥಾಪನೆಯಾದ ರಾಯಲ್ ಅಬ್ಸರ್ವೇಟರಿ. ಜಗತ್ತಿನ ರೇಖಾಂಶಗಳನ್ನು ಇಲ್ಲಿಂದಲೇ ಎಣಿಸಬೇಕೆಂದು 1884ರಲ್ಲಿ ನಿಶ್ಚಯವಾಯಿತು. ರೇಖೆಯ ಮೇಲೆ ನಿಂತು ಫೋನಿನ ಜಿಪಿಎಸ್ ತೆರೆದರೆ ಸೊನ್ನೆ ತೋರಿಸುವುದಿಲ್ಲ, ಗಾಬರಿಯಾಗಬೇಡಿ. ಉಪಗ್ರಹಗಳು ಬಳಸುವ ಸೊನ್ನೆ ರೇಖೆ ಸುಮಾರು 100 ಮೀಟರ್ ಪೂರ್ವಕ್ಕಿದೆ. ಒಳಗಣ ಅಂಗಳಕ್ಕೆ ಟಿಕೆಟ್ ಬೇಕು, ಆದರೆ ಹೊರಗೋಡೆಯ ಗಡಿಯಾರ ಎಲ್ಲರಿಗೂ ಕಾಣುತ್ತದೆ. 1852ರ ಈ ಗಡಿಯಾರದ ಮುಖದಲ್ಲಿ 24 ಗಂಟೆಗಳಿವೆ, ಆದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಮುಳ್ಳು ನೇರ ಕೆಳಗಿರುತ್ತದೆ. ಅದು ವರ್ಷವಿಡೀ ಗ್ರೀನಿಚ್ ಸಮಯವನ್ನೇ ತೋರಿಸುವುದರಿಂದ ಬೇಸಿಗೆಯಲ್ಲಿ ನಿಮ್ಮ ಕೈಗಡಿಯಾರಕ್ಕಿಂತ ಒಂದು ಗಂಟೆ ಹಿಂದಿರುತ್ತದೆ. ಮಧ್ಯಾಹ್ನ ಒಂದಕ್ಕೆ ಐದು ನಿಮಿಷ ಮೊದಲು ಛಾವಣಿಯ ಕಡೆ ನೋಡುತ್ತಿರಿ: ಕೆಂಪು ಚೆಂಡೊಂದು ಕಂಬದ ಮೇಲೇರಿ, ಸರಿಯಾಗಿ ಒಂದಕ್ಕೆ ಕೆಳಗಿಳಿಯುತ್ತದೆ. ನದಿಯ ಹಡಗುಗಳು ತಮ್ಮ ಗಡಿಯಾರ ಸರಿಮಾಡಿಕೊಳ್ಳಲೆಂದು 1833ರಲ್ಲಿ ಆರಂಭಿಸಿದ ಪದ್ಧತಿ ಇದು.

ಮರಳುವಾಗ ಬೋಟ್ ಬೇಡ. ಕಟಿ ಸಾರ್ಕ್ ಪಕ್ಕದ ದುಂಡು ಗುಮ್ಮಟದೊಳಗೆ ಇಳಿದರೆ 1902ರಲ್ಲಿ ತೆರೆದ ಕಾಲ್ನಡಿಗೆಯ ಸುರಂಗವಿದೆ. ನದಿಯ ತಳದ ಕೆಳಗೆ, ಬಿಳಿ ಹೆಂಚುಗಳ ನಡುವೆ 370 ಮೀಟರ್ ನಡೆದು ಆಚೆ ದಡದ ಐಲೆಂಡ್ ಗಾರ್ಡನ್ಸ್ ಉದ್ಯಾನಕ್ಕೆ ಬಂದು ಹಿಂತಿರುಗಿ ನೋಡಿದರೆ, ರೆನ್ ಕಟ್ಟಿದ ಜೋಡಿ ಗುಮ್ಮಟಗಳು, ಅವುಗಳ ನಡುವೆ ರಾಣಿಯ ಬಿಳಿ ಮನೆ, ಹಿಂದೆ ಗುಡ್ಡದ ಮೇಲೆ ಅಬ್ಸರ್ವೇಟರಿ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಉದ್ಯಾನದ ಹತ್ತಿರವೇ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ಎಂಬ ಲಘು ರೈಲಿನ ನಿಲ್ದಾಣವಿದೆ. ನಗರದ ನಡುವಿನ ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಈ ರೈಲಿಗೆ ಚಾಲಕನ ಕೋಣೆಯಿಲ್ಲದ ಕಾರಣ, ಮೊದಲ ಬೋಗಿಯ ಮುಂದಿನ ಸೀಟು ಖಾಲಿಯಿದ್ದರೆ ಅಲ್ಲಿಯೇ ಕೂತುಕೊಳ್ಳಿ.